ಕುರುಗೋಡಿನಿಂದ ಸಿರುಗುಪ್ಪಕ್ಕೆ, ಒಂದು ಹನಿ ಚೆಲ್ಲದೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸುಗಳಲ್ಲಿ ಕುರುಗೋಡಿನ ಮೇಲೆ ಹಾಯ್ದು ಹೋಗುವವು ಕೆಲವೇ. ದಾರಿ ಸುತ್ತು, ನೂಕಾಟ ಹೆಚ್ಚು. ಬುದ್ಧಿ ಇದ್ದವರು ನೇರ ಬಸ್ಸು ಹಿಡಿಯುತ್ತಾರೆ. ನಾನು ನಾಲ್ಕು ವರ್ಷ ಸುತ್ತಿನ ಬಸ್ಸನ್ನೇ ಹಿಡಿದೆ. ನನ್ನ ಬುದ್ಧಿಯ ಬಗ್ಗೆ ಮನೆಯವರಿಗೆ ಮೊದಲಿಂದಲೂ ಅನುಮಾನ ಇದ್ದುದರಿಂದ ಯಾರೂ ಕಾರಣ ಕೇಳಲಿಲ್ಲ. ಕಾರಣ ಇಷ್ಟೆ, ಕುರುಗೋಡಿನಲ್ಲಿ ಅಕ್ಕೋರು ಹತ್ತುತ್ತಿದ್ದರು.

ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ಸಿರುಗುಪ್ಪದ ನಮ್ಮ ಹೈಸ್ಕೂಲಿನಲ್ಲಿ ಅಂಥವರು ಐದು ಮಂದಿ. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರೀ ‘ಅಕ್ಕೋರು’ ಎಂದರೆ ವಿಜ್ಞಾನ ಹೇಳುತ್ತಿದ್ದ ಇವರೊಬ್ಬರೇ. ಈ ವರ್ಷ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಸ್ಟಾಫ್‌ರೂಮಿನಲ್ಲಿ ಡ್ರಾಯಿಂಗ್ ಮಾಸ್ತರರ ದನಿ ತೆಗೆದು ನಾಲ್ಕು ಜನರನ್ನು ನಗಿಸುತ್ತಿದ್ದೆ. ಫೋನಿನಲ್ಲಿ ‘ಹೌದಾ, ಯಾವಾಗ’ ಎಂದು ಕೇಳಿದ್ದೂ ಡ್ರಾಯಿಂಗ್ ಮಾಸ್ತರರ ದನಿಯಲ್ಲೇ. ನನ್ನ ಸ್ವಂತ ದನಿ ಬರಲು ಸ್ವಲ್ಪ ಹೊತ್ತು ಬೇಕಾಯಿತು.

ಅವರ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಅವರ ತೊಡೆಯ ಮೇಲಿನ ಪಾತ್ರೆ. ತಿಂಗಳ ಕೊನೆಯ ಶನಿವಾರ ನಮ್ಮ ಸಾಲೆಯಲ್ಲಿ ಕೂಡಿ ಉಣ್ಣುವ ರೂಢಿ ಇದೆ. ಬೆಳಗಿನ ಪಾಠ ಮುಗಿದ ಮೇಲೆ ಒಬ್ಬೊಬ್ಬರೂ ಮನೆಯಿಂದ ತಂದ ಒಂದೊಂದು ಅಡಿಗೆಯನ್ನು ಉದ್ದನೆಯ ಮೇಜಿನ ಮೇಲೆ ಇಡಬೇಕು. ಮೂಲ ನಿಯಮ ಅಷ್ಟೇ. ಜಾಣರೆಲ್ಲ ಒಣ ಪದಾರ್ಥ ತರುತ್ತಿದ್ದರು: ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ. ಅತಿ ಜಾಣನಾದ ನಾನು ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡು, ‘ನಮ್ಮ ಮನೆಯ ಅಡಿಗೆ’ ಎಂದು ಇಡುತ್ತಿದ್ದೆ. ಅಕ್ಕೋರು ಮಾತ್ರ ಯಾವಾಗಲೂ ತುಳುಕುವಂಥದ್ದನ್ನೇ ತರುವವರು. ಕಟ್ಟಿನ ಸಾರು, ಪುಂಡಿಪಲ್ಯ, ಎಣ್ಣೆ ತೇಲುವ ಎಣ್ಣೆಗಾಯಿ. ಕುರುಗೋಡಿನಿಂದ ಸಿರುಗುಪ್ಪದವರೆಗೆ ರಸ್ತೆ ಹೇಗಿದೆ ಎಂಬುದನ್ನು ನಾನು ವರ್ಣಿಸುವುದಿಲ್ಲ. ನನ್ನ ಬೆನ್ನಿನ ಎಲುಬುಗಳನ್ನು ಕೇಳಿ. ಆ ರಸ್ತೆಯ ಮೇಲೆ ಅವರ ಪಾತ್ರೆಯಿಂದ ಒಂದು ಹನಿಯೂ ಹೊರಗೆ ಬಂದದ್ದನ್ನು ನಾನು ನೋಡಿಲ್ಲ.

ಅದೊಂದು ಶಾಸ್ತ್ರವೇ ಆಗಿತ್ತು. ಅಡಿಗೆಯನ್ನು ನಸುಕಿನಲ್ಲೇ ಇಳಿಸಿ, ಪಾತ್ರೆಯ ಮೈ ಅಂಗೈಗೆ ತಾಳುವಷ್ಟು ಆರುವ ತನಕ ಬಾಯಿ ಮುಚ್ಚುತ್ತಿರಲಿಲ್ಲ. ಬಿಸಿಯಲ್ಲಿ ಮುಚ್ಚಿದರೆ ಹಬೆ ಮುಚ್ಚಳವನ್ನು ಎತ್ತುತ್ತದೆ. ಕಂಠಕ್ಕೆ ನಾಲ್ಕು ಬೆರಳು ಜಾಗ ಬಿಡಬೇಕು. ಬಾಯಿಗೆ ಬಾಳೆ ಎಲೆ, ಅದರ ಮೇಲೆ ಮುಚ್ಚಳ, ಮುಚ್ಚಳದ ಸುತ್ತ ನಾದಿದ ಗೋಧಿಹಿಟ್ಟಿನ ಮೆತ್ತಿಗೆ. ಮೇಲೆ ಹಳೆ ಧೋತರದ ಬಟ್ಟೆಯ ಗಂಟು. ಕೆಳಗೆ ಸಿಂಬಿ, ನೀರಿನ ಕೊಡ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಉಂಗುರ. ಅದನ್ನು ತೊಡೆಯ ಮೇಲಿಟ್ಟು, ಅದರಲ್ಲಿ ಪಾತ್ರೆ ಕೂರಿಸುತ್ತಿದ್ದರು. ಬಸ್ಸಿನ ನೆಲದ ಮೇಲೆ ಇಟ್ಟದ್ದೇ ಇಲ್ಲ. ಕೂರುವುದು ಎರಡೂ ಗಾಲಿಗಳ ನಡುವಿನ ಸೀಟಿನಲ್ಲಿ. ಆ ಸೀಟಿಗೆ ಬಳ್ಳಾರಿಯಿಂದಲೇ ಕರವಸ್ತ್ರ ಹಾಸಿ, ಕುರುಗೋಡಿನ ತನಕ ಜಗಳವಾಡುತ್ತಾ ಬರುವುದು ನನ್ನ ಕೆಲಸ. ‘ಯಾರು ಬರತಾರ’ ಎಂದು ಕೇಳಿದವರಿಗೆ, ನಮ್ಮ ಹೆಡ್ಮಾಸ್ತರರ ಗಂಭೀರ ದನಿಯಲ್ಲಿ ‘ಇಲಾಖೆಯವರು’ ಎನ್ನುತ್ತಿದ್ದೆ. ಪಾತ್ರೆ ಅವಚಿಕೊಂಡು ಅಕ್ಕೋರು ಹತ್ತಿದಾಗ ಕೇಳಿದವರ ಮುಖ ನೋಡಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ವಿದ್ಯೆ ಅವರ ಕೈಗಳಲ್ಲಿತ್ತು. ರಸ್ತೆಯ ಪ್ರತಿ ಉಬ್ಬೂ ತಗ್ಗೂ ಅವಕ್ಕೆ ಗೊತ್ತಿದ್ದವು. ಹತ್ತನೇ ತರಗತಿಯ ಯಾವುದೋ ಹುಡುಗಿಯ ಬಗ್ಗೆ ಮಾತಾಡುತ್ತಾ, ಕಿಟಕಿಯ ಕಡೆ ನೋಡದೆಯೇ, ಬಸ್ಸು ಎಗರುವುದಕ್ಕೆ ಒಂದು ಕ್ಷಣ ಮೊದಲು ಪಾತ್ರೆಯನ್ನು ತೊಡೆಯಿಂದ ಒಂದು ಗೇಣು ಎತ್ತಿಬಿಡುವರು. ನಾವೆಲ್ಲ ಸೀಟಿನಿಂದ ಹಾರಿ ಬೀಳುವೆವು. ಪಾತ್ರೆ ಮಾತ್ರ ಗಾಳಿಯಲ್ಲಿ ನಿಂತಲ್ಲೇ ನಿಂತಿರುತ್ತಿತ್ತು. ಮಾತೂ ನಿಲ್ಲುತ್ತಿರಲಿಲ್ಲ. ಚಲನೆಯ ನಿಯಮಗಳನ್ನು ಮಕ್ಕಳಿಗೆ ಇದೇ ಬಸ್ಸಿನ ಲೆಕ್ಕದಲ್ಲಿ ಹೇಳುತ್ತಿದ್ದರಂತೆ: ಬಸ್ಸು ನಿಂತರೂ ಸಾರು ನಿಲ್ಲಂಗಿಲ್ಲ, ಅದು ಸಿರುಗುಪ್ಪಕ್ಕ ಹೊಂಟಿರತೈತಿ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮಪ್ಪನದು ಸ್ಟೀಲ್ ಪಾತ್ರೆಗಳ ಸಣ್ಣ ಅಂಗಡಿ. ಅಕ್ಕೋರ ಈ ಅವಸ್ಥೆ ನೋಡಲಾರದೆ, ರಬ್ಬರ್ ಬಳೆ, ನಾಲ್ಕು ಕೊಂಡಿ ಇದ್ದ ಹೊಸ ಡಬ್ಬಿ ತಂದುಕೊಟ್ಟೆ. ತಲೆಕೆಳಗೆ ಮಾಡಿದರೂ ಸೋರುವುದಿಲ್ಲ ಎಂದು ಅಪ್ಪ ಗಿರಾಕಿಗಳಿಗೆ ಹೇಳುವ ಧಾಟಿಯಲ್ಲೇ ಹೇಳಿದೆ. ಅಕ್ಕೋರು ಸ್ಟಾಫ್‌ರೂಮಿನ ನಲ್ಲಿಯಲ್ಲಿ ಅದಕ್ಕೆ ನೀರು ತುಂಬಿ, ನಾಲ್ಕೂ ಕೊಂಡಿ ಹಾಕಿ, ನನ್ನ ತೊಡೆಯ ಮೇಲೆ ಬೋರಲು ಇಟ್ಟರು. ಮುಂದಿನ ಎರಡು ಪೀರಿಯಡ್ಡು ನಾನು ಕುರ್ಚಿಯಿಂದ ಏಳದೆ ಪಾಠ ಮಾಡಬೇಕಾಯಿತು. ಮಕ್ಕಳಿಗೆ ಮೊಣಕಾಲು ನೋವು ಎಂದೆ.

ಇಷ್ಟೆಲ್ಲ ಯಾಕೆ ಎಂದು ಹೊಸದರಲ್ಲಿ ನನಗೆ ತಿಳಿದಿರಲಿಲ್ಲ. ಅಡಿಗೆ ಚೆಲ್ಲಬಾರದು ಎಂಬುದೇನೋ ಸರಿ, ಆದರೆ ಚೆಲ್ಲಿದರೆ ಜಗತ್ತೇನೂ ಮುಳುಗುವುದಿಲ್ಲವಲ್ಲ.

ಅಕ್ಕೋರು ಯಾವ ಓಣಿಯವರು ಎಂಬುದು ನಮ್ಮ ಸ್ಟಾಫ್‌ರೂಮಿಗೆ ಅವರ ಹೆಸರಿಗಿಂತ ಮೊದಲು ಗೊತ್ತಾಗಿತ್ತಂತೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇರುವುದೂ ಗೊತ್ತಿತ್ತು. ಜಾತಿ ಎಂಬ ಮಾತನ್ನು ಅಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಎಲ್ಲ ಓದಿದವರು. ಅಕ್ಕೋರ ಪಾತ್ರೆ ಬಂದಾಗ ಅವರೆಲ್ಲರಿಗೂ ಹೊಟ್ಟೆ ಸರಿ ಇರುತ್ತಿರಲಿಲ್ಲ, ಅಷ್ಟೆ. ಒಬ್ಬರಿಗೆ ಶನಿವಾರದ ಒಪ್ಪತ್ತು. ಒಬ್ಬರಿಗೆ ಆಗಲೇ ಹೊಟ್ಟೆ ತುಂಬಿರುತ್ತಿತ್ತು. ಅದಕ್ಕಾಗಿಯೇ ಅಕ್ಕೋರು ಪಾತ್ರೆಯನ್ನು ಮೇಜಿನ ಮೇಲೆ ಬಿಡದೆ, ಸೌಟು ಹಿಡಿದು ಒಬ್ಬೊಬ್ಬರ ಮುಂದೆ ತಾವೇ ಬರುತ್ತಿದ್ದರು. ಎದುರಿಗೆ ಬಂದವರಿಗೆ ಇಲ್ಲ ಎನ್ನಲು ಕಷ್ಟ. ಕೆಲವರು ಅರ್ಧ ಸೌಟು ಹಾಕಿಸಿಕೊಂಡು ತಾಟಿನ ಅಂಚಿಗೆ ಸರಿಸುವರು. ಕೆಲವರು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು, ಸಾಕು ಸಾಕು ಎಂದು ನಗುವರು.

ನಾನು ಸೇರಿದ ಮೊದಲ ತಿಂಗಳು ಅವರು ನನ್ನ ಮುಂದೆಯೂ ಬಂದು ನಿಂತರು. ಎಡಗಡೆ ಕೂತವರು ಅಂಗೈ ಹಿಡಿದಿದ್ದರು, ಬಲಗಡೆಯವರೂ ಹಿಡಿದಿದ್ದರು. ನಾನೂ ಹಿಡಿದೆ. ನೋಡಿದ್ದನ್ನು ಹಾಗೇ ಮಾಡುವುದು ನನ್ನ ಹುಟ್ಟುಗುಣ. ಅವತ್ತಿನಷ್ಟು ಚೊಕ್ಕ ನಕಲು ನಾನು ಮತ್ತೆಂದೂ ಮಾಡಿಲ್ಲ. ಅಕ್ಕೋರು ಒಂದು ಕ್ಷಣ ನನ್ನ ಅಂಗೈ ನೋಡಿದರು, ಮುಂದೆ ಹೋದರು.

ಎರಡನೇ ತಿಂಗಳು ತಾಟು ಮುಂದೆ ಹಿಡಿದೆ. ದೊಡ್ಡ ಮನಸ್ಸಿನಿಂದಲ್ಲ. ಪುಂಡಿಪಲ್ಯದ ವಾಸನೆ ಕುರುಗೋಡಿನಿಂದಲೇ ನನ್ನ ಪಕ್ಕದಲ್ಲಿ ಕೂತು ಬಂದಿತ್ತು.

ಆ ವರ್ಷದ ವಾರ್ಷಿಕೋತ್ಸವದಲ್ಲಿ ನಾನು ಎಲ್ಲರ ನಕಲು ಮಾಡಿದೆ. ಕೊನೆಗೆ ವಾಲಿಬಾಲನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅಕ್ಕೋರು ಕೂರುವ ರೀತಿ ತೋರಿಸಿದೆ. ಮಕ್ಕಳು ಕೂಗಿ ಕೂಗಿ ನಕ್ಕರು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕು, ನಾನು ವೇದಿಕೆ ಇಳಿದು ಬಂದ ಮೇಲೆ ತಿದ್ದಿದರು: ಪಾತ್ರೆಯನ್ನು ಹೊಟ್ಟೆಗೆ ಒತ್ತಿ ಹಿಡಿಯಬಾರದಂತೆ, ಉಸಿರಾಡಿದರೂ ಅದು ಅಲುಗುತ್ತದಂತೆ. ಮರುದಿನ ಬಸ್ಸಿನಲ್ಲಿ ನಾನು ಧೈರ್ಯ ಮಾಡಿ ಕೇಳಿದೆ, ಒಮ್ಮೆ ಚೆಲ್ಲಿದರೆ ಏನಾಗುತ್ತದೆ ಎಂದು.

ಒಮ್ಮೆ ಚೆಲ್ಲಿತ್ತಂತೆ. ಅವರು ಸಾಲೆಗೆ ಬಂದ ಮೊದಲ ವರ್ಷ, ಪಾತ್ರೆಯನ್ನು ಎಲ್ಲರ ಹಾಗೆ ಕಾಲಬಳಿ ಇಟ್ಟುಕೊಂಡಿದ್ದರಂತೆ. ಮುಚ್ಚಳ ಜಾರಿ ಅರ್ಧ ಸಾರು ಬಸ್ಸಿನ ಪಾಲಾಯಿತು. ಉಳಿದರ್ಧ ಚೆನ್ನಾಗಿಯೇ ಇತ್ತು. ಆದರೆ ಮೇಜಿನ ಹತ್ತಿರ ಯಾರೋ ಧೂಳು ಬಿದ್ದಿರಬೇಕು ಎಂದರಂತೆ, ಇನ್ನೊಬ್ಬರು ಹೌದು ಹೌದು ಎಂದರಂತೆ, ಪಾತ್ರೆ ಬಾಗಿಲ ಹೊರಗೆ ಹೋಯಿತಂತೆ.

“ಧೂಳು ಬಿದ್ದಿದ್ದಿಲ್ಲ, ತಮ್ಮಾ,” ಎಂದರು ಅಕ್ಕೋರು. “ಅದು ಅವರಿಗೂ ಗೊತ್ತಿತ್ತು. ಅವತ್ತು ಎಲ್ಲಾರ ಮುಖದಾಗೂ ಒಂದು ನಿಶ್ಚಿಂತಿ ನೋಡಿದೆ. ನಾ ತಂದದ್ದು ಚೆಲ್ಲಿದ್ರ ಮಂದಿಗೆ ನೆವ ಸಿಗತೈತಿ. ಉಣ್ಣದವರು ಉಣ್ಣದಿರಲಿ. ನೆವ ನಾ ಕೊಡಂಗಿಲ್ಲ.”

ಇಷ್ಟು ಹೇಳಿ, ಪಕ್ಕದಲ್ಲಿಟ್ಟ ಚೀಲವನ್ನು ಒಂದು ಗೇಣು ಎತ್ತಿದರು. ಬಸ್ಸು ಎಗರಿತು.

ಮರುವರ್ಷ ಒಂದು ಕೊನೆಯ ಶನಿವಾರ ಅವರಿಗೂ ಹೆಡ್ಮಾಸ್ತರರಿಗೂ ಬಳ್ಳಾರಿಯಲ್ಲಿ ಪರೀಕ್ಷೆಯ ವಿಷಯವಾಗಿ ಸಭೆ ಇತ್ತು. ಅಕ್ಕೋರು ಸಾಲೆಗೆ ಬರುವಂತಿರಲಿಲ್ಲ. ಆದರೂ ನನ್ನ ಬಸ್ಸು ಕುರುಗೋಡು ತಲುಪಿದಾಗ ಗಂಟು ಕಟ್ಟಿದ ಪಾತ್ರೆಯೊಂದಿಗೆ ನಿಂತಿದ್ದರು. ತಾವು ಬರದಿದ್ದರೇನು, ಪಾಳಿ ತಪ್ಪಬಾರದು ಎಂಬುದು ಅವರ ವಾದ. ಪಾತ್ರೆಯನ್ನು ಕಿಟಕಿಯಿಂದಲೇ ನನ್ನ ಕೈಗೆ ದಾಟಿಸಿದರು. ಒಳಗೆ ಎಣ್ಣೆಗಾಯಿ.

“ಲೇ ತಮ್ಮಾ, ನಿನ್ನ ತೊಡಿ ಕಟಗಿ ಆದಂಗ ಅದಾವ. ಸಿಂಬಿ ಎರಡು ಕೊಟ್ಟೀನಿ, ಎರಡೂ ಇಟ್ಕೊ. ಮತ್ತ ಬಸ್ಸಿನ್ಯಾಗ ಯಾರ ನಕಲೂ ಮಾಡಬ್ಯಾಡ. ಕೈ ಎತ್ತತಿ ನೀ.”

ನಾನು ಮಾಡಲಿಲ್ಲ. ಸಿರುಗುಪ್ಪದ ತನಕ ಬಾಯಿ ಬಿಡಲಿಲ್ಲ. ಕಂಡಕ್ಟರು ತೆಲುಗಿನಲ್ಲಿ, ನಿಮಗೆ ಒಂದು ಟಿಕೇಟೋ ಎರಡೋ ಎಂದು ಕೆಣಕಿದ, ಅದಕ್ಕೂ ಉತ್ತರಿಸಲಿಲ್ಲ. ಪಕ್ಕದ ಅಜ್ಜ ಯಾವ ದೇವರದು ಎಂದು ಕೇಳಿ ಪಾತ್ರೆಗೆ ಕೈ ಮುಗಿದ. ಉಬ್ಬುಗಳು ನನಗೆ ಗೊತ್ತಿರಲಿಲ್ಲವಾದ್ದರಿಂದ ದಾರಿಯುದ್ದಕ್ಕೂ ಪಾತ್ರೆಯನ್ನು ಎತ್ತಿಯೇ ಹಿಡಿದಿದ್ದೆ. ಸಿರುಗುಪ್ಪದಲ್ಲಿ ಇಳಿದು ಸಾಲೆ ಮುಟ್ಟಿದಾಗ ಹಾಜರಿ ಪುಸ್ತಕಕ್ಕೆ ಸಹಿ ಹಾಕಲೂ ಬೆರಳು ಬಗ್ಗಲಿಲ್ಲ.

ಮಧ್ಯಾಹ್ನ ಮೇಜಿನ ಮೇಲೆ ಗಂಟು ಬಿಚ್ಚಿದೆ. ಧೋತರದ ಬಟ್ಟೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಹಿಟ್ಟಿನ ಮೆತ್ತಿಗೆ ಒಡೆದು ಮುಚ್ಚಳ ತೆಗೆದಾಗ, ಬದನೆಕಾಯಿಗಳು ತೊಟ್ಟು ಮೇಲೆ ಮಾಡಿಕೊಂಡು ಇಟ್ಟಂತೆಯೇ ನಿಂತಿದ್ದವು. ನನಗೆ ಪದಕ ಸಿಕ್ಕಷ್ಟು ಹೆಮ್ಮೆಯಾಯಿತು. ಈಗ ಯಾರಿಗೂ ನೆವವಿಲ್ಲ ಎಂದುಕೊಂಡೆ.

ಅವತ್ತು ಬಡಿಸಲು ಅವರು ಇರಲಿಲ್ಲ. ಹಾಗಾಗಿ ಅರ್ಧ ಸೌಟಿನ ದಾಕ್ಷಿಣ್ಯವೂ ಇರಲಿಲ್ಲ. ಎಲ್ಲರ ಕೈಗಳೂ ಆ ಪಾತ್ರೆಯನ್ನು ದಾಟಿ ಆಚೆ ಹೋದವು. ನಾನೇ ಸೌಟು ಹಿಡಿದು ಹೊರಟೆ. ಡ್ರಾಯಿಂಗ್ ಮಾಸ್ತರರು ಬದನೆಕಾಯಿ ನಂಜು ಎಂದರು. ಅವರ ತಾಟಿನಲ್ಲಿ ಬೇರೊಬ್ಬರು ತಂದ ಬದನೆಕಾಯಿ ಪಲ್ಯ ಇತ್ತು. ಗಣಿತದ ಮಾಸ್ತರರು, ನೀನೇ ಉಣ್ಣಪ್ಪ, ಉಣ್ಣುವ ವಯಸ್ಸು ಎಂದರು. ನಾನು ಹೋಟೆಲಿನ ಮಾಣಿಯಂತೆ ಬಗ್ಗಿದೆ, ಮದುವೆಮನೆಯ ಬೀಗರಂತೆ ಒತ್ತಾಯ ಮಾಡಿದೆ, ನನಗೆ ಗೊತ್ತಿದ್ದ ಎಲ್ಲ ದನಿಗಳನ್ನೂ ತೆಗೆದೆ. ಎಲ್ಲರೂ ನಕ್ಕರು. ಅಂಗೈ ಮಾತ್ರ ಯಾರದೂ ಸರಿಯಲಿಲ್ಲ.

ನಾನು ಏಳು ಬದನೆಕಾಯಿ ತಿಂದೆ. ಎಂಟನೆಯದು ಗಂಟಲಲ್ಲಿ ಇಳಿಯಲಿಲ್ಲ. ಇಷ್ಟು ಉಳಿದ ಪಾತ್ರೆಯನ್ನು ಕುರುಗೋಡಿಗೆ ಹೇಗೆ ಒಯ್ಯಲಿ? ಹಿಂದಿನ ಬಾಗಿಲಿನಿಂದ ಬಿಸಿಯೂಟದ ಅಡಿಗೆಮನೆಗೆ ಹೋದೆ. ಅಲ್ಲಿ ಅಡಿಗೆ ಮಾಡುವ ಇಬ್ಬರು ಹೆಂಗಸರು, ಒಬ್ಬಾಕೆ ದೇಶನೂರಿನವಳು, ದೊಡ್ಡ ಪಾತ್ರೆಗಳನ್ನು ತಿಕ್ಕಿ ಕೂತಿದ್ದರು. ಯಾರು ಮಾಡಿದ್ದು ಎಂದು ಕೇಳಿದರು, ಹೇಳಿದೆ. ಅನ್ನ ಹಾಕಿಕೊಂಡು ತಳ ಕಾಣುವ ತನಕ ಉಂಡರು.

ಸಂಜೆ ಕುರುಗೋಡಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಕ್ಕೋರು ಕಾಯುತ್ತಿದ್ದರು. ಇಳಿದು ಪಾತ್ರೆ ಕೊಟ್ಟೆ. ಕೈಯಲ್ಲಿ ತೂಗಿ ನೋಡಿದರು. ಮುಖ ಅರಳಿತು. ಆ ಮುಖವನ್ನು ಇಳಿಸುವ ಎದೆ ನನಗಿರಲಿಲ್ಲ. ಯಾರು ಏನಂದರು ಎಂದು ಕೇಳಿದರು. ನಾನು ಶುರು ಮಾಡಿದೆ.

ಡ್ರಾಯಿಂಗ್ ಮಾಸ್ತರರ ಮೂಗಿನ ದನಿಯಲ್ಲಿ ಹೊಗಳಿದೆ. ಗಣಿತದ ಮಾಸ್ತರರ ಹಾಗೆ ಬೆರಳು ಎಣಿಸುತ್ತಾ, ಎರಡು ಕೂಡಿಸು ಎರಡು, ನಾಲ್ಕು ಬದನೆಕಾಯಿ ಹಾಕಿಸಿಕೊಂಡೆ. ಅಕ್ಕೋರು ನಗುತ್ತಿದ್ದರು. ನಗು ಕಂಡರೆ ನನಗೆ ಕಣ್ಣು ಕಾಣುವುದಿಲ್ಲ. ನನ್ನ ಸಂಗ್ರಹದಲ್ಲಿ ಅತ್ಯುತ್ತಮವಾದದ್ದು ಹೆಡ್ಮಾಸ್ತರರ ದನಿ. ಅದನ್ನು ಬಿಟ್ಟು ಮುಗಿಸಿದರೆ ಊಟಕ್ಕೆ ಮಜ್ಜಿಗೆ ಇಲ್ಲದ ಹಾಗೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಂಟಲು ಸರಿಪಡಿಸಿ, “ಅಕ್ಕೋರ ಕೈಯಾಗ ಏನೋ ಐತಿ ನೋಡ್ರಿ” ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಮಾಡು ಎಂದರು. ಇನ್ನೂ ಚೆನ್ನಾಗಿ ಮಾಡಿದೆ.

“ಭಾಳ ಚಲೋ ಮಾಡ್ತಿ,” ಎಂದರು. “ಮಧ್ಯಾಹ್ನ ಬಳ್ಳಾರ್ಯಾಗ ಅವರು ನನ್ನ ಮುಂದಿನ ಸಾಲಿನ್ಯಾಗ ಕುಂತು ಉಪ್ಪಿಟ್ಟು ತಿನ್ನಾಕತ್ತಿದ್ರು.”

ನನ್ನ ಕನ್ನಡಕ ಇನ್ನೂ ಮೂಗಿನ ತುದಿಯಲ್ಲೇ ಇತ್ತು. ನಾನು ಇಳಿದ ಬಸ್ಸು ಹೊರಟು ಹೋಯಿತು. ಅಕ್ಕೋರು ಸಿಟ್ಟಾಗಲಿಲ್ಲ. ಪಾತ್ರೆಯ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿ, ಕೇಳಿದರು:

“ಖರೇ ಹೇಳು. ಯಾರು ಉಂಡ್ರು?”

“ನಾನು. ಮತ್ತ ಬಿಸಿಯೂಟದ ಅಡಿಗಿಯವರು ಇಬ್ಬರು.”

“ಅವರೇನಂದ್ರು?”

ಆ ಹೆಂಗಸರ ದನಿ ನನಗೆ ರೂಢಿ ಇರಲಿಲ್ಲ. ನಕಲು ಮಾಡಲು ಹೋಗದೆ ನನ್ನದೇ ದನಿಯಲ್ಲಿ ಹೇಳಿದೆ, ಉಪ್ಪು ಒಂಚೂರು ಕಮ್ಮಿ ಆಗಿದೆ ಎಂದಳು ದೇಶನೂರಿನಾಕೆ ಎಂದು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಕ್ಕೋರು ನೆಟ್ಟಗೆ ಕೂತರು. “ಹೌದಾ? ನನಗೂ ಅನುಮಾನ ಇತ್ತು,” ಎಂದರು. ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡು, “ಉಪ್ಪು ಕಮ್ಮಿ ಅಂದ್ಲು ಅಂದ್ರ ಖರೇ ಉಂಡಾಳ. ಹೊಗಳಾಕ ಉಣ್ಣಬೇಕಂತೇನಿಲ್ಲ,” ಎಂದರು. ಮುಂದಿನ ಬಸ್ಸು ಬರುವ ತನಕ ಉಪ್ಪಿನ ವಿಷಯವೇ ಮಾತಾಡಿದೆವು. ಬದನೆಕಾಯಿ ಉಪ್ಪನ್ನು ಯಾವಾಗ ಹೀರುತ್ತದೆ, ಶೇಂಗಾ ಪುಡಿಗೆ ಎಷ್ಟು ಹಾಕಬೇಕು ಎಂದು. ಅವರನ್ನು ಅಷ್ಟು ಖುಷಿಯಲ್ಲಿ ನಾನು ಬಹಳ ಸಲ ನೋಡಿಲ್ಲ.

ಮುಂದಿನ ತಿಂಗಳಿಂದ ಪಾತ್ರೆ ಮೊದಲು ಬಿಸಿಯೂಟದ ಅಡಿಗೆಮನೆಗೆ ಹೋಗಿ, ಆಮೇಲೆ ನಮ್ಮ ಮೇಜಿಗೆ ಬರತೊಡಗಿತು. ನಾನು ಅವರ ಸೌಟಿಗಾಗಿ ತಾಟು ಬಡಿಯುತ್ತಾ ಕೂರುತ್ತಿದ್ದೆ. ಹೊಸದಾಗಿ ಬಂದ ಇಬ್ಬರು ಮಾಸ್ತರರು, ಪಾಪ, ಪದ್ಧತಿ ತಿಳಿಯದೆಯೋ ತಿಳಿದೋ, ನನ್ನನ್ನು ನೋಡಿ ತಾಟು ಹಿಡಿದರು. ಜಗತ್ತೇನೂ ಬದಲಾಗಲಿಲ್ಲ. ಹೆಡ್ಮಾಸ್ತರರ ಒಪ್ಪತ್ತು ಕೊನೆಯವರೆಗೂ ನಡೆಯಿತು. ಆದರೆ ಒಂದು ಶನಿವಾರ ಡ್ರಾಯಿಂಗ್ ಮಾಸ್ತರರು ಅಂಗೈ ಹಿಡಿಯಲು ಮರೆತರೋ ಏನೋ, ಪುಂಡಿಪಲ್ಯ ಬಾಯಿಗಿಟ್ಟು, ಕೆಮ್ಮಿ, ನೀರು ಕುಡಿದು, ಖಾರ ಬಹಳ ಆಯಿತು ಎಂದು ಗೊಣಗಿದರು. ಅವತ್ತು ವಾಪಸಾಗುವಾಗ ಅಕ್ಕೋರು ನನ್ನ ಕೈಲಿ ಆ ಗೊಣಗಾಟವನ್ನು ಮೂರು ಸಲ ಮಾಡಿಸಿದರು. ಮೂರನೇ ಸಲಕ್ಕೆ ಕೆಮ್ಮು ಸರಿಯಾಗಿ ಬರಲಿಲ್ಲ ಎಂದು ತಿದ್ದಿದರು.

ಅವರು ನಿವೃತ್ತರಾದ ದಿನ ಊಟದ ಅಡಿಗೆಯನ್ನು ಹೊರಗಿನವರಿಗೆ ವಹಿಸಿದ್ದರು. ಮನೆಯಿಂದ ಯಾರೂ ಏನೂ ತರುವಂತಿರಲಿಲ್ಲ. ಅಕ್ಕೋರು ರೇಷ್ಮೆ ಸೀರೆ ಉಟ್ಟು, ಬರಿಗೈಯಲ್ಲಿ ಬಸ್ಸು ಹತ್ತಿದರು. ಮಾತಾಡುತ್ತಾ ಬಂದೆವು. ಉಬ್ಬು ಬಂದಾಗಲೆಲ್ಲ ಅವರ ಎರಡೂ ಕೈ ತಾವಾಗಿಯೇ ಒಂದು ಗೇಣು ಮೇಲೆದ್ದು, ಗಾಳಿಯಲ್ಲಿ ನಿಂತು, ಖಾಲಿ ಮಡಿಲಿಗೆ ಇಳಿಯುತ್ತಿದ್ದವು. ಅದನ್ನು ಒಮ್ಮೆಯೂ ನಕಲು ಮಾಡಬೇಕು ಅನಿಸಲಿಲ್ಲ.

ಆಮೇಲೂ ಸುತ್ತಿನ ಬಸ್ಸಿನಲ್ಲಿ ಕೆಲವು ತಿಂಗಳು ಓಡಾಡಿದೆ, ಅಭ್ಯಾಸಬಲದಿಂದ. ಒಂದು ಭಾನುವಾರ ಸುಮ್ಮನೆ ಕುರುಗೋಡಿನಲ್ಲಿ ಇಳಿದು ಅವರ ಮನೆ ಕೇಳಿಕೊಂಡು ಹೋದೆ. ಅಷ್ಟು ವರ್ಷ ಒಟ್ಟಿಗೆ ಓಡಾಡಿದರೂ ಆ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು, ಆಮೇಲೆ ಹೋಗಲಾಗಲಿಲ್ಲ. ಹೋಗಬಹುದಿತ್ತು. ಬಳ್ಳಾರಿಯಿಂದ ಕುರುಗೋಡೇನು ದೂರ?

ಬುದ್ಧನ ಪಟದ ಕೆಳಗೆ ನೆಲದ ಮೇಲೆ ಕೂರಿಸಿ ತಾಟು ಇಟ್ಟರು. ಸ್ವಲ್ಪ ತಡಿ, ಸಾರು ಕುದಿಯುತ್ತಿದೆ ಎಂದರು. ಅವರ ಅಡಿಗೆಯನ್ನು ನಾನು ಬಿಸಿಯಾಗಿ ಉಂಡೇ ಇಲ್ಲ ಎಂಬುದು ಆಗ ಹೊಳೆಯಿತು. ನನ್ನ ಬಾಯಿಗೆ ಬರುವಷ್ಟರಲ್ಲಿ ಅದು ಯಾವಾಗಲೂ ಆರಿ, ಮುಚ್ಚಿ, ಕಟ್ಟಿ, ಒಂದು ತಾಸು ಪ್ರಯಾಣ ಮಾಡಿ ದಣಿದಿರುತ್ತಿತ್ತು. ಒಳಗೆ ಸಾರು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಅವರು ಯಾರ ಬಗ್ಗೆಯೋ ಹೇಳುತ್ತಿದ್ದ ಮಾತನ್ನು ನಿಲ್ಲಿಸದೆ, ಕಂಠದ ತನಕ ತುಂಬಿದ್ದ ಪಾತ್ರೆಯಿಂದ ಸೌಟು ಎತ್ತಿಕೊಂಡು ಅಲ್ಲಿಂದಲೇ ನಡೆದು ಬಂದರು. ದಾರಿಯುದ್ದಕ್ಕೂ ಸಾರು ಸುರಿಯಿತು. ಒಲೆಯಿಂದ ನನ್ನ ತಾಟಿನವರೆಗೆ ನೆಲದ ಮೇಲೆ ಉದ್ದಕ್ಕೆ ಸಾಲು ಬಿದ್ದಿತ್ತು. ಸೀರೆಯ ನಿರಿಗೆಯ ಮೇಲೂ ಬಿದ್ದಿತ್ತು. ನಾನು ಹೌಹಾರಿ, ಚೆಲ್ಲುತ್ತಿದೆ ಅಕ್ಕೋರೇ ಎಂದೆ.

ಅವರು ನೆಲದ ಕಡೆ ನೋಡಲೂ ಇಲ್ಲ.

“ಚೆಲ್ಲಲಿ ಬಿಡು,” ಎಂದರು. “ಮನಿ ಐತಿ ಇದು. ನೀ ಉಣ್ಣು.”

ಅವತ್ತು ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ನಾಲಿಗೆ ಸುಟ್ಟುಕೊಂಡು ಉಂಡು, ತಾಟನ್ನು ಮತ್ತೆ ಮುಂದೆ ಹಿಡಿದೆ. ಅವರು ಮತ್ತೆ ಚೆಲ್ಲುತ್ತಾ ಬಂದು ಬಡಿಸಿದರು.